ಗೋಪುರದ ಕೆಳಗಿನ ಕೋಣೆ

(ಸಂಘದ ವಾರ್ಷಿಕ ಸಮಾರಂಭದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ನನಗೆ ಕೊಟ್ಟಿರುವ ವಿಷಯ ‘ಉನ್ನತ ಶಿಕ್ಷಣ ಮತ್ತು ನಮ್ಮ ಮಕ್ಕಳು’. ಈ ವಿಷಯದ ಮೇಲೆ ಪ್ರತಿ ವರ್ಷ ಯಾರಾದರೊಬ್ಬರು ಮಾತನಾಡುತ್ತಾರೆ. ನಾವೆಲ್ಲ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತೇವೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ನಾನು ಇಂದು ಒಂದೇ ಒಂದು ಕಟ್ಟಡದ ಬಗ್ಗೆ ಮಾತನಾಡುತ್ತೇನೆ. ಅದು ನಮ್ಮ ದೇಶದ್ದಲ್ಲ. ನಾನು ಅದನ್ನು ಕಣ್ಣಾರೆ ಕಂಡವಳೂ ಅಲ್ಲ. ಓದಿ ತಿಳಿದದ್ದು ಮಾತ್ರ.

ಇದಕ್ಕೆ ಕಾರಣಳಾದವಳು ನನ್ನ ಹಳೆಯ ವಿದ್ಯಾರ್ಥಿನಿ. ಎಸ್.ಎಸ್.ಎಲ್.ಸಿ.ಯಲ್ಲಿ ನನ್ನ ಬಳಿ ಕನ್ನಡ ಕಲಿತವಳು, ಇಂಜಿನಿಯರಿಂಗ್ ಮುಗಿಸಿ ಅಮೆರಿಕದಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿತೆಂದು ಮಿಠಾಯಿ ಡಬ್ಬಿ ಹಿಡಿದು ಮನೆಗೆ ಬಂದಳು. ಜೊತೆಗೆ ಅವಳ ಅಮ್ಮೀಜಾನ್ ಬಂದಿದ್ದರು. ಮಗಳು ವೀಸಾ, ವಿಮಾನ, ಸಾಲ ಎಂದು ಹೇಳುತ್ತಿದ್ದರೆ ಆ ತಾಯಿ ಒಂದೇ ಪ್ರಶ್ನೆ ಕೇಳಿದರು. “ಟೀಚರಮ್ಮಾ, ಅಲ್ಲಿ ಕಾಲೇಜಿನಲ್ಲಿ ನಮಾಜಿಗೆ ಜಾಗ ಇರುತ್ತದಾ?” ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೂಂ ಎನ್ನುವುದು ಶಿಕ್ಷಕಿಗೆ ತರವಲ್ಲ. ಅಂದಿನಿಂದ ಓದಲು ಕುಳಿತೆ. ಅವಳು ಸೇರಿದ್ದು ಬೇರೆ ವಿಶ್ವವಿದ್ಯಾಲಯ. ಆದರೆ ಓದುತ್ತ ಓದುತ್ತ ನಾನು ಸಿಕ್ಕಿಹಾಕಿಕೊಂಡದ್ದು ನಾರ್ತ್ ಕೆರೊಲಿನಾ ರಾಜ್ಯದ ಡರ್ಹಮ್ ಎಂಬ ಊರಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಅಲ್ಲಿನ ಚಾಪೆಲ್‌ನಲ್ಲಿ.

ಮೊದಲು ಪದದಿಂದಲೇ ಆರಂಭಿಸುತ್ತೇನೆ. ಭಾಷಾ ಶಿಕ್ಷಕಿಯ ಚಟ, ಸಹಿಸಿಕೊಳ್ಳಿ. ಕ್ರೈಸ್ತರ ಪ್ರಾರ್ಥನಾ ಮಂದಿರಕ್ಕೆ ಉರ್ದುವಿನಲ್ಲಿ ‘ಗಿರ್ಜಾ’ ಎನ್ನುತ್ತೇವೆ. ನಮ್ಮ ಕರಾವಳಿಯ ಕನ್ನಡದಲ್ಲಿ ‘ಇಗರ್ಜಿ’ ಎನ್ನುತ್ತಾರೆ. ಎರಡೂ ಪೋರ್ಚುಗೀಸರ ಒಂದೇ ಪದದಿಂದ ಹುಟ್ಟಿದವು. ನಾನು ಬೆಳಿಗ್ಗೆ ಉರ್ದು ತರಗತಿಯಲ್ಲಿ ಒಂದನ್ನು, ಮಧ್ಯಾಹ್ನ ಕನ್ನಡ ತರಗತಿಯಲ್ಲಿ ಇನ್ನೊಂದನ್ನು ಹೇಳಿಕೊಡುತ್ತಿದ್ದೆ, ಇವು ಅಕ್ಕ ತಂಗಿ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ‘ಚಾಪೆಲ್’ ಎಂಬ ಪದದ ಕಥೆ ಇನ್ನೂ ಸೊಗಸು. ನಾಲ್ಕನೆಯ ಶತಮಾನದಲ್ಲಿ ರೋಮನ್ ಸೈನ್ಯದಲ್ಲಿ ಮಾರ್ಟಿನ್ ಎಂಬ ಯುವಕನಿದ್ದ. ಚಳಿಗಾಲದಲ್ಲಿ ಊರ ಬಾಗಿಲ ಬಳಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ತನ್ನ ಮೇಲಂಗಿಯನ್ನು ಕತ್ತಿಯಿಂದ ಎರಡಾಗಿ ಸೀಳಿ ಅರ್ಧವನ್ನು ಅವನಿಗೆ ಹೊದಿಸಿದ ಎಂಬುದು ಕ್ರೈಸ್ತರಲ್ಲಿ ಪ್ರಸಿದ್ಧ ಕಥೆ. ಮುಂದೆ ಅವನು ಸಂತನೆನಿಸಿದ. ಅವನದೆಂದು ನಂಬಲಾದ ಆ ಮೇಲಂಗಿಯನ್ನು ಇಟ್ಟು ಕಾಪಾಡಿದ ಗುಡಿಗೆ ಲ್ಯಾಟಿನ್‌ನಲ್ಲಿ ‘ಕಪೆಲ್ಲಾ’, ಅಂದರೆ ಚಿಕ್ಕ ಮೇಲಂಗಿ, ಎಂಬ ಹೆಸರು ಬಂತು. ಅದೇ ಚಾಪೆಲ್ ಆಯಿತು. ಅದನ್ನು ಕಾಯುತ್ತಿದ್ದವನ ಹೆಸರೇ ಇಂದು ಕಾಲೇಜು, ಆಸ್ಪತ್ರೆ, ಸೈನ್ಯಗಳಲ್ಲಿರುವ ‘ಚಾಪ್ಲಿನ್’ ಎಂಬ ಧರ್ಮಸೇವಕನ ಹೆಸರಾಯಿತು. ಊರಿನ ಜನರದ್ದು ಚರ್ಚು; ಕಾಲೇಜು, ಆಸ್ಪತ್ರೆ, ಸೆರೆಮನೆಗಳಂಥ ಸಂಸ್ಥೆಯ ಒಳಗಿರುವುದು ಚಾಪೆಲ್. ಇಷ್ಟು ತಿಳಿದರೆ ನಮ್ಮ ಮಾತಿಗೆ ಸಾಕು.

ಡ್ಯೂಕ್ ಎಂಬುದು ಒಂದು ಮನೆತನದ ಹೆಸರು. ತಂಬಾಕಿನ ವ್ಯಾಪಾರದಲ್ಲಿ ಅಪಾರ ಸಂಪತ್ತು ಗಳಿಸಿದವರು. (ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಈ ಸಭೆಯಲ್ಲೂ ಇದ್ದಾರೆ. ತಂಬಾಕಿನ ದುಡ್ಡು ಯಾವ ಕೈಯಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು.) 1924ರ ಡಿಸೆಂಬರ್‌ನಲ್ಲಿ ಜೇಮ್ಸ್ ಬ್ಯುಕ್ಯಾನನ್ ಡ್ಯೂಕ್ ಎಂಬ ಉದ್ಯಮಿ 4 ಕೋಟಿ ಡಾಲರಿನ ದತ್ತಿನಿಧಿ ಸ್ಥಾಪಿಸಿದ. ಡರ್ಹಮ್‌ನಲ್ಲಿ ಮೆಥಡಿಸ್ಟ್ ಕ್ರೈಸ್ತರ ಆಸರೆಯಲ್ಲಿ ಬೆಳೆದಿದ್ದ ಟ್ರಿನಿಟಿ ಕಾಲೇಜು ಆ ಹಣದಿಂದ ಡ್ಯೂಕ್ ವಿಶ್ವವಿದ್ಯಾಲಯವಾಯಿತು. ಆವರಣದ ಅತಿ ಎತ್ತರದ ಜಾಗದಲ್ಲಿ, ಎಲ್ಲ ಕಡೆಯಿಂದ ಕಾಣುವಂತೆ ಒಂದು ದೊಡ್ಡ ದೇವಮಂದಿರ ಇರಬೇಕೆಂಬುದು ದಾನಿಯ ಆಸೆಯಾಗಿತ್ತು. ಅದನ್ನು ನೋಡಲು ಆತ ಉಳಿಯಲಿಲ್ಲ, 1925ರಲ್ಲಿ ತೀರಿಕೊಂಡ. 1930ರಲ್ಲಿ ಅಡಿಗಲ್ಲು ಬಿತ್ತು, 1932ರಲ್ಲಿ ಬಳಕೆಗೆ ಬಂತು, 1935ರಲ್ಲಿ ವಿಧಿಪೂರ್ವಕವಾಗಿ ಅರ್ಪಣೆಯಾಯಿತು. 210 ಅಡಿ ಎತ್ತರದ ಗೋಪುರ, ಅದರಲ್ಲಿ 50 ಗಂಟೆಗಳು, ಬಣ್ಣದ ಗಾಜಿನ 77 ಕಿಟಕಿಗಳು. ವಿಶ್ವವಿದ್ಯಾಲಯದ ಲಾಂಛನದಲ್ಲಿ ಲ್ಯಾಟಿನ್‌ನಲ್ಲಿ ಬರೆದಿರುವ ಮಾತಿನ ಅರ್ಥ ‘ವಿದ್ಯೆ ಮತ್ತು ಧರ್ಮ’. ನಮ್ಮ ಸಂಘದ ಲೆಟರ್‌ಹೆಡ್ ಮೇಲೂ ಸುಮಾರು ಇದೇ ಅರ್ಥದ ಮಾತಿದೆ, ಗಮನಿಸಿ.

ಈಗ ಈ ಕಟ್ಟಡದ ನಕ್ಷೆ ಬರೆದವರು ಯಾರು ಎಂಬುದಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಕಿವಿಗೊಡಬೇಕು.

ಗುತ್ತಿಗೆ ಪಡೆದದ್ದು ಫಿಲಡೆಲ್ಫಿಯಾ ನಗರದ ಹೊರೇಸ್ ಟ್ರಂಬೌವರ್ ಎಂಬುವರ ವಾಸ್ತುಶಿಲ್ಪ ಕಚೇರಿ. ಬಹಳ ಕಾಲ ಲೋಕಕ್ಕೆ ಗೊತ್ತಿದ್ದದ್ದು ಆ ಹೆಸರು ಮಾತ್ರ. ಆದರೆ ಕಚೇರಿಯ ಮುಖ್ಯ ವಿನ್ಯಾಸಕಾರ ಜೂಲಿಯನ್ ಏಬೆಲ್ ಎಂಬ ಕಪ್ಪು ಜನಾಂಗದ ವ್ಯಕ್ತಿ. 1881ರಲ್ಲಿ ಹುಟ್ಟಿದವರು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1902ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದವರು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರೇ. ಡ್ಯೂಕ್‌ನ ಚಾಪೆಲ್ ಮಾತ್ರವಲ್ಲ, ಆ ಇಡೀ ಆವರಣದ ಮುಖ್ಯ ಕಟ್ಟಡಗಳು ಅವರ ಕಲ್ಪನೆಯಿಂದ ಮೂಡಿದವು. ಆದರೆ ತಾವೇ ನಕ್ಷೆ ಬರೆದ ಆ ವಿಶ್ವವಿದ್ಯಾಲಯಕ್ಕೆ ಅವರು ವಿದ್ಯಾರ್ಥಿಯಾಗಿ ಸೇರುವಂತಿರಲಿಲ್ಲ. ಅವರ ಮಕ್ಕಳಿಗೂ ಅಲ್ಲಿ ಪ್ರವೇಶವಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಆಗ ಬಸ್ಸಿನ ಸೀಟು, ಹೋಟೆಲು, ಶಾಲೆ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಏಬೆಲ್ 1950ರಲ್ಲಿ ನಿಧನರಾದರು. ಡ್ಯೂಕ್ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1961ರಲ್ಲಿ, ಅದೂ ಸ್ನಾತಕೋತ್ತರ ಮತ್ತು ವೃತ್ತಿ ಶಿಕ್ಷಣಕ್ಕೆ. ಪದವಿ ತರಗತಿಗಳಿಗೆ ಮೊದಲ ಐದು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಿದ್ದು 1963ರಲ್ಲಿ.

ಏಬೆಲ್ ಅವರ ಹೆಸರು ಹೊರಗೆ ಬಂದ ಬಗೆ ಹೀಗಿದೆ. 1986ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ವಿರೋಧಿಸಿ ವಿದ್ಯಾರ್ಥಿಗಳು ಚಾಪೆಲ್ ಎದುರಿನ ಬಯಲಿನಲ್ಲಿ ತಗಡು ಹಲಗೆಗಳ ಗುಡಿಸಲು ಕಟ್ಟಿ ಕುಳಿತರು. ಇಷ್ಟು ಸುಂದರವಾದ ಆವರಣದ ಅಂದ ಈ ಗುಡಿಸಲುಗಳಿಂದ ಕೆಡುತ್ತಿದೆ ಎಂದು ಇನ್ನೊಬ್ಬ ವಿದ್ಯಾರ್ಥಿ ಆಕ್ಷೇಪ ಎತ್ತಿದ. ಆಗ ಅಲ್ಲೇ ಓದುತ್ತಿದ್ದ ಒಬ್ಬ ಹುಡುಗಿ ವಿದ್ಯಾರ್ಥಿ ಪತ್ರಿಕೆಗೆ ಪತ್ರ ಬರೆದಳು. ಈ ಅಂದವನ್ನು ರೂಪಿಸಿದವರು ನನ್ನ ಮನೆತನದ ಹಿರಿಯ ಬಂಧು, ಅವರೂ ತಮ್ಮ ದೇಶದಲ್ಲೇ ಇಂಥ ಭೇದವನ್ನು ಉಂಡವರು, ಅವರಿದ್ದಿದ್ದರೆ ಈ ಗುಡಿಸಲುಗಳನ್ನು ಆಕ್ಷೇಪಿಸುತ್ತಿರಲಿಲ್ಲ ಎಂಬುದು ಅದರ ಸಾರ. ಒಂದು ಪತ್ರದಿಂದ ಕಟ್ಟಡದ ಚರಿತ್ರೆಯೇ ಬದಲಾಯಿತು. ಪತ್ರ ಲೇಖನ ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಎಂದು ಮೂಗು ಮುರಿಯುವ ನನ್ನ ಹತ್ತನೆಯ ತರಗತಿಯ ಮಕ್ಕಳು ಇದನ್ನು ನೆನಪಿಡಲಿ.

ಹೀಗೆ ಬಾಗಿಲು ಒಂದೊಂದಾಗಿ ತೆರೆದಂತೆ ಆ ಚಾಪೆಲ್‌ನೊಳಗೆ ಬರುವ ಜನರೂ ಬದಲಾದರು. ಭಾನುವಾರ ಬೆಳಿಗ್ಗೆ ಅಲ್ಲಿ ನಡೆಯುವುದು ಇಂದಿಗೂ ಕ್ರೈಸ್ತ ಆರಾಧನೆಯೇ. ಆದರೆ ಚಾಪೆಲ್‌ನ ಸಿಬ್ಬಂದಿಯ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಕ್ಯಾಥೊಲಿಕ್, ಯೆಹೂದಿ, ಮುಸ್ಲಿಂ, ಹಿಂದೂ, ಬೌದ್ಧ ವಿದ್ಯಾರ್ಥಿ ಗುಂಪುಗಳ ಧಾರ್ಮಿಕ ಬದುಕಿಗೆ ನೆರವಾಗುವುದು, ಅವರವರ ಧರ್ಮಸೇವಕರ ಜೊತೆ ಕೂಡಿ ಕೆಲಸ ಮಾಡುವುದು, ಸಾವು ನೋವಿನಲ್ಲಿ ಎಲ್ಲರೂ ಸೇರುವ ಸಭೆಗಳನ್ನು ನಡೆಸುವುದು ಎಲ್ಲವೂ ಅದರಲ್ಲಿ ಸೇರಿದೆ. 2008ರಲ್ಲಿ ಡ್ಯೂಕ್ ತನ್ನ ಮೊದಲ ಮುಸ್ಲಿಂ ಚಾಪ್ಲಿನ್ ಆಗಿ ತುರ್ಕಿ ಮೂಲದ ಇಮಾಮ್ ಅಬ್ದುಲ್ಲಾ ಆಂಟೆಪ್ಲಿಯವರನ್ನು ನೇಮಿಸಿತು. ಮುಸ್ಲಿಂ ಚಾಪ್ಲಿನ್ ಎಂಬ ಹುದ್ದೆಯನ್ನು ಪೂರ್ಣಾವಧಿಗೆ 1999ರಲ್ಲೇ ಸೃಷ್ಟಿಸಿದ್ದು ಜೆಸ್ಯೂಟ್ ಪಾದ್ರಿಗಳ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಎಂಬುದನ್ನೂ ಇಲ್ಲಿ ಹೇಳಬೇಕು. ಡ್ಯೂಕ್‌ನಲ್ಲಿ ಜುಮಾ ನಮಾಜ್ ಹಲವು ವರ್ಷ ನಡೆದದ್ದು ಎಲ್ಲಿ ಗೊತ್ತೇ? ಆ 210 ಅಡಿ ಗೋಪುರದ ಚಾಪೆಲ್‌ನ ನೆಲಮಾಳಿಗೆಯಲ್ಲಿ.

ಆ ಕೋಣೆಯ ಬಗ್ಗೆ ಓದುವಾಗ ನನಗೆ ಕುತೂಹಲವಾದದ್ದು ಸಣ್ಣ ಸಣ್ಣ ವಿಷಯಗಳು. ನಾವಿಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತೇವೆ. ಅಮೆರಿಕದ ಆ ಭಾಗದಲ್ಲಿ ಕಿಬ್ಲಾ ಈಶಾನ್ಯಕ್ಕೆ. ಭೂಗೋಳದ ಮೇಷ್ಟರ ಬಳಿ ಗ್ಲೋಬು ಮತ್ತು ದಾರ ಇಸಿದುಕೊಂಡು ಎಳೆದು ನೋಡಿ, ಹಾಗೇಕೆ ಎಂದು ತಿಳಿಯುತ್ತದೆ. ಇಂಥ ಕೋಣೆ ಯಾವ ಕಾಲೇಜಿನಲ್ಲೇ ಇರಲಿ, ಅದಕ್ಕೆ ಬೇಕಾದ್ದು ಬಹಳ ಕಡಿಮೆ: ಸ್ವಚ್ಛವಾದ ನೆಲ, ಚಪ್ಪಲಿ ಬಿಡಲು ಜಾಗ, ಹೆಣ್ಣುಮಕ್ಕಳಿಗೂ ಸ್ಥಳ, ವುಜೂ ಮಾಡಲು ನೀರು. ಕಡೆಯದೇ ಎಲ್ಲಕ್ಕಿಂತ ಕಷ್ಟದ್ದು. ಕಾಲು ತೊಳೆಯುವ ಜಾಗವಿಲ್ಲದಿದ್ದರೆ ಹುಡುಗರು ಕೈ ತೊಳೆಯುವ ಬೇಸಿನ್ನಿಗೆ ಕಾಲೆತ್ತಿ ಇಡುತ್ತಾರೆ, ನೆಲ ಒದ್ದೆಯಾಗುತ್ತದೆ, ಅಲ್ಲಿಂದ ಗೊಣಗಾಟ ಶುರುವಾಗುತ್ತದೆ. ಧರ್ಮಗಳ ನಡುವಿನ ಸೌಹಾರ್ದ ಎಂದು ನಾವು ದೊಡ್ಡ ದೊಡ್ಡ ಭಾಷಣ ಮಾಡುತ್ತೇವೆ. ಎಷ್ಟೋ ಕಡೆ ಅದು ನಿಂತಿರುವುದು ಒಂದು ನಲ್ಲಿಯ ಮೇಲೆ.

ಎಲ್ಲ ವಿಶ್ವವಿದ್ಯಾಲಯಗಳೂ ಡ್ಯೂಕ್‌ನ ದಾರಿ ಹಿಡಿದಿಲ್ಲ. ಬಾಸ್ಟನ್ ಬಳಿಯ ಎಂ.ಐ.ಟಿ.ಯಲ್ಲಿ ಈರೋ ಸಾರಿನೆನ್ ಎಂಬ ವಾಸ್ತುಶಿಲ್ಪಿ 1955ರಲ್ಲಿ ಇಟ್ಟಿಗೆಯ ದುಂಡನೆಯ ಚಾಪೆಲ್ ಕಟ್ಟಿದರು. ಮಾಮೂಲಿ ಕಿಟಕಿಗಳಿಲ್ಲ, ಸುತ್ತ ತೆಳುವಾದ ನೀರಿನ ಕೊಳ, ಆ ನೀರಿನ ಮೇಲೆ ಬಿದ್ದ ಬೆಳಕು ಗೋಡೆಯ ತಳದಿಂದ ಒಳಗೆ ಬಂದು ಅಲುಗುತ್ತದೆ. ಯಾವ ಒಂದು ಮತಕ್ಕೂ ಸೇರದ ಮಂದಿರವೆಂದೇ ಅದನ್ನು ಕಟ್ಟಿದ್ದು. ಅದೇ 1955ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ ಒಂದು ಕೊಳದ ಸುತ್ತ ಮೂರು ಚಾಪೆಲ್ ಕಟ್ಟಿತು: ಯೆಹೂದಿಗಳಿಗೆ, ಕ್ಯಾಥೊಲಿಕರಿಗೆ, ಪ್ರಾಟೆಸ್ಟೆಂಟರಿಗೆ. ಅಂದಿನ ಲೆಕ್ಕದಲ್ಲಿ ನಾವು ಇರಲಿಲ್ಲ. ಹಿಂದೂಗಳೂ ಇರಲಿಲ್ಲ. ಎಷ್ಟು ಬಾಗಿಲು ಬೇಕೆಂದು ಮೊದಲೇ ಎಣಿಸಿ ಕಟ್ಟಿದರೆ ನಾಲ್ಕನೆಯವನು ಬಂದಾಗ ಕಷ್ಟವಾಗುತ್ತದೆ. ಡ್ಯೂಕ್‌ನದ್ದು ಇವೆರಡಕ್ಕಿಂತ ಬೇರೆ ಬಗೆ. ಮನೆ ಒಬ್ಬರದು, ಮನೆಯ ಯಜಮಾನ ಯಾರೆಂಬುದು ಗೋಡೆ ಗೋಡೆಯಲ್ಲಿ ಕೆತ್ತಿದೆ, ಆದರೂ ಒಳಗಿನ ಕೋಣೆಗಳನ್ನು ಬೇರೆಯವರಿಗೆ ಬಿಟ್ಟುಕೊಡುತ್ತದೆ. ನನಗೆ ಇದು ಹೆಚ್ಚು ಪರಿಚಿತವೆನಿಸಿತು. ನಮ್ಮ ಊರುಗಳಲ್ಲೂ ಒಬ್ಬರ ಪಡಸಾಲೆಯಲ್ಲಿ ಇನ್ನೊಬ್ಬರ ಮದುವೆಯ ಊಟ ಬಡಿಸಿದ್ದನ್ನು ಹಿರಿಯರು ಬಲ್ಲರು.

ಈಗ 2015ರ ಜನವರಿಗೆ ಬರೋಣ.

ಆ ತಿಂಗಳ ಎರಡನೆಯ ವಾರ ಡ್ಯೂಕ್ ಒಂದು ಪ್ರಕಟಣೆ ಹೊರಡಿಸಿತು. 16ನೆಯ ತಾರೀಖು ಶುಕ್ರವಾರದಿಂದ ಪ್ರತಿ ವಾರ ಜುಮಾ ನಮಾಜಿನ ಅಜಾನನ್ನು ಚಾಪೆಲ್‌ನ ಗಂಟೆಗೋಪುರದಿಂದ ಕೊಡಲಾಗುವುದು, ಮಧ್ಯಾಹ್ನ ಒಂದು ಗಂಟೆಗೆ, ಸುಮಾರು ಮೂರು ನಿಮಿಷ, ಮೆಲುದನಿಯ ಧ್ವನಿವರ್ಧಕದಲ್ಲಿ. ಆಗ ಅಲ್ಲಿ ಪದವಿ, ಸ್ನಾತಕೋತ್ತರ ಎಲ್ಲ ಸೇರಿ ಸುಮಾರು 15,000 ವಿದ್ಯಾರ್ಥಿಗಳಲ್ಲಿ ಮುಸ್ಲಿಮರು 700ಕ್ಕೂ ಹೆಚ್ಚು. ವಿಶ್ವವಿದ್ಯಾಲಯದ ಉದ್ದೇಶ ಒಳ್ಳೆಯದೇ. ಆದರೆ ಸಮಯ ಹೇಗಿತ್ತು ನೋಡಿ. ಅದೇ ತಿಂಗಳ 7ರಂದು ಪ್ಯಾರಿಸ್‌ನ ಶಾರ್ಲಿ ಎಬ್ಡೊ ಪತ್ರಿಕೆಯ ಕಚೇರಿಯಲ್ಲಿ ಭೀಕರ ಹತ್ಯಾಕಾಂಡ ನಡೆದಿತ್ತು. ಜಗತ್ತಿನ ಎಲ್ಲ ಮುಸ್ಲಿಮರ ಮೇಲೂ ಅನುಮಾನದ ಕಣ್ಣು ನೆಟ್ಟಿದ್ದ ದಿನಗಳು. ಪ್ರಕಟಣೆ ಹೊರಬಿದ್ದದ್ದೇ ತಡ, ಫ್ರಾಂಕ್ಲಿನ್ ಗ್ರಹಾಂ ಎಂಬ ಪ್ರಸಿದ್ಧ ಕ್ರೈಸ್ತ ಬೋಧಕ ಫೇಸ್‌ಬುಕ್‌ನಲ್ಲಿ ಇದನ್ನು ಖಂಡಿಸಿ, ಈ ನಿರ್ಧಾರ ಹಿಂತೆಗೆಯುವವರೆಗೆ ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೊಡಬೇಡಿ ಎಂದು ದಾನಿಗಳಿಗೆ ಕರೆ ಕೊಟ್ಟರು. ಫೋನು, ಇ-ಮೇಲುಗಳ ಸುರಿಮಳೆಯಾಯಿತು. ಬೆದರಿಕೆಗಳೂ ಬಂದವು, ಭದ್ರತೆಯ ಪ್ರಶ್ನೆಯೂ ಎದ್ದಿತು. ಗುರುವಾರ, ಅಂದರೆ ಹಿಂದಿನ ದಿನವೇ, ಡ್ಯೂಕ್ ತನ್ನ ಮಾತನ್ನು ಹಿಂದಕ್ಕೆ ಪಡೆಯಿತು. ಗೋಪುರದಿಂದ ಅಜಾನ್ ಇಲ್ಲ.

ಶುಕ್ರವಾರ ಏನಾಯಿತು? ಅಜಾನ್ ನಿಲ್ಲಲಿಲ್ಲ. ಚಾಪೆಲ್‌ನ ಮುಂದಿನ ಮೆಟ್ಟಿಲುಗಳ ಮೇಲೆ ಒಬ್ಬ ವಿದ್ಯಾರ್ಥಿ ನಿಂತು ಸಣ್ಣದೊಂದು ಸ್ಪೀಕರ್ ಇಟ್ಟುಕೊಂಡು ಕೂಗಿದ. ನೂರಾರು ಜನ ಬಯಲಿನಲ್ಲಿ ಸೇರಿದ್ದರು, ಅವರಲ್ಲಿ ಮುಸ್ಲಿಮೇತರ ವಿದ್ಯಾರ್ಥಿಗಳು, ಅಧ್ಯಾಪಕರು ಬಹಳ ಮಂದಿ. ಅಜಾನ್ ಮುಗಿದ ಮೇಲೆ ನಮಾಜಿಗಳು ಎಂದಿನಂತೆ ಚಾಪೆಲ್‌ನ ಕೆಳಗಿನ ಕೋಣೆಗೆ ನಡೆದರು.

ಈ ಘಟನೆಯನ್ನು ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಹಜರತ್ ಉಮರ್ ರಜಿಯಲ್ಲಾಹು ಅನ್ಹು ಅವರ ಜೆರುಸಲೇಮಿನ ಪ್ರಸಂಗ. ಇದನ್ನು ಬರೆದಿಟ್ಟಿರುವವರು ಹತ್ತನೆಯ ಶತಮಾನದ ಒಬ್ಬ ಕ್ರೈಸ್ತ ಇತಿಹಾಸಕಾರ, ಅಲೆಕ್ಸಾಂಡ್ರಿಯಾದ ಧರ್ಮಗುರುವಾಗಿದ್ದ ಸಯೀದ್ ಇಬ್ನ್ ಬಿತ್ರೀಕ್. ನಗರ ಶರಣಾದ ಮೇಲೆ ಖಲೀಫರು ಅಲ್ಲಿನ ದೊಡ್ಡ ಇಗರ್ಜಿಯೊಳಗಿದ್ದಾಗ ನಮಾಜಿನ ಹೊತ್ತಾಯಿತು. ಇಲ್ಲೇ ಮಾಡಿ ಎಂದು ಪಾದ್ರಿಗಳ ಮುಖ್ಯಸ್ಥ ಸೊಫ್ರೋನಿಯಸ್ ಹೇಳಿದರು. ಉಮರ್ ಒಪ್ಪಲಿಲ್ಲ. ಹೊರಗೆ ಬಂದು ಬಾಗಿಲ ಬಳಿಯ ಮೆಟ್ಟಿಲ ಮೇಲೆ ಒಬ್ಬರೇ ನಮಾಜ್ ಮಾಡಿದರು. ಒಳಗೆ ಮಾಡಿದ್ದರೆ, ಉಮರ್ ಇಲ್ಲಿ ನಮಾಜ್ ಮಾಡಿದ್ದರು ಎಂಬ ನೆಪದಿಂದ ಮುಂದೆ ಮುಸ್ಲಿಮರು ಈ ಇಗರ್ಜಿಯನ್ನು ನಿಮ್ಮಿಂದ ಕಿತ್ತುಕೊಂಡಾರು ಎಂದು ಕಾರಣ ಕೊಟ್ಟರಂತೆ. ಮದೀನಾದಲ್ಲಿ ಇದರ ಇನ್ನೊಂದು ಮುಖವಿದೆ. ನಜ್ರಾನಿನ ಕ್ರೈಸ್ತ ನಿಯೋಗ ಬಂದಾಗ ಅವರ ಪ್ರಾರ್ಥನೆಯ ಹೊತ್ತಾಯಿತು, ಪ್ರವಾದಿ ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಅವರು ತಮ್ಮ ಮಸೀದಿಯಲ್ಲೇ ಅವರಿಗೆ ಪ್ರಾರ್ಥಿಸಲು ಬಿಟ್ಟರು ಎಂಬ ವರದಿ ಸೀರತ್ ಗ್ರಂಥಗಳಲ್ಲಿದೆ. ಮೆಟ್ಟಿಲ ಮೇಲೆ ನಿಂತ ಅತಿಥಿ, ಒಳಗೆ ಕರೆದ ಆತಿಥೇಯ. ಎರಡೂ ನಮ್ಮ ಪರಂಪರೆಯಲ್ಲಿವೆ.

ಆದರೆ ಡ್ಯೂಕ್‌ನ ಮೆಟ್ಟಿಲನ್ನು ಜೆರುಸಲೇಮಿನ ಮೆಟ್ಟಿಲಿನೊಂದಿಗೆ ಹೋಲಿಸಿ ಕಣ್ಣೀರು ಒರೆಸಿಕೊಳ್ಳುವುದು ಸುಲಭ, ಅದು ಸರಿಯಲ್ಲ. ಉಮರ್ ತಾವಾಗಿ ಹೊರಗೆ ಬಂದರು, ಕೈಯಲ್ಲಿ ಅಧಿಕಾರವಿದ್ದೂ ಬಂದರು. ಡ್ಯೂಕ್‌ನ ಹುಡುಗರನ್ನು ಮೆಟ್ಟಿಲಿಗೆ ಇಳಿಸಿದ್ದು ಬೆದರಿಕೆ. ಎರಡೂ ಒಂದೇ ಅಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇಗರ್ಜಿಯ ಗೋಪುರದಿಂದ ಅಜಾನ್ ಬೇಡ ಎಂದ ಕ್ರೈಸ್ತರೆಲ್ಲರೂ ದ್ವೇಷಿಗಳೆಂದು ನಾನು ತಿಳಿಯುವುದಿಲ್ಲ. ಗೋಪುರ ಎಂಬುದು ಕೋಣೆಯಂತಲ್ಲ, ಅದು ಇಡೀ ಊರಿಗೆ ಮಾತನಾಡುತ್ತದೆ. ನಮ್ಮ ಮಿನಾರಿನಿಂದ ಬೇರೆ ಧರ್ಮದ ಗಂಟೆ ಬಾರಿಸೋಣ ಎಂದರೆ ಈ ಸಭೆಯಲ್ಲಿ ಎಷ್ಟು ಕೈ ಮೇಲೇಳುತ್ತವೆ? ಪ್ರಾಮಾಣಿಕವಾಗಿ ಹೇಳಿ. ಆದ್ದರಿಂದ ಆ ಪ್ರಕಟಣೆ ಹೊರಡದೇ ಇದ್ದಿದ್ದರೂ ನಾನು ಡ್ಯೂಕನ್ನು ದೂರುತ್ತಿರಲಿಲ್ಲ. ಆದರೆ ಕೊಡುತ್ತೇವೆ ಎಂದು ಊರಿಗೆಲ್ಲ ಸಾರಿ, ಕೊಡುವ ಹಿಂದಿನ ದಿನ ಕಿತ್ತುಕೊಂಡದ್ದು ನೋವಿನ ಮಾತು. ಕೇಳದೇ ಇದ್ದವನಿಗೆ ಎಲೆ ಹಾಕಿ, ಬಡಿಸುವ ಹೊತ್ತಿಗೆ ಎಲೆ ಎತ್ತಿದಂತೆ. ಬೆದರಿಸಿದವರಿಗೆ, ಬೆದರಿಸಿದರೆ ಕೆಲಸ ಆಗುತ್ತದೆ ಎಂಬ ಪಾಠವೂ ಸಿಕ್ಕಿತು.

ಇಷ್ಟರ ನಡುವೆ ಒಂದು ಸಂಗತಿಯನ್ನು ಯಾವ ಪತ್ರಿಕೆಯೂ ದೊಡ್ಡದು ಮಾಡಲಿಲ್ಲ. ಗೋಪುರ ಹೋಯಿತು, ಕೋಣೆ ಉಳಿಯಿತು. ಗೋಪುರ ಒಂದು ವಾರದ ಉತ್ಸಾಹದಲ್ಲಿ ಬಂದದ್ದು, ಒಂದು ದಿನದಲ್ಲಿ ಹೋಯಿತು. ಕೋಣೆಗೆ ವರ್ಷಗಳ ರೂಢಿಯಿತ್ತು. ನೇಮಕವಾದ ಇಮಾಮ್ ಇದ್ದರು, ವೇಳಾಪಟ್ಟಿ ಇತ್ತು. ಉರ್ದುವಿನಲ್ಲಿ ‘ಮೆಹರ್ಬಾನಿ’ ಬೇರೆ, ‘ಇಂತಿಜಾಮ್’ ಬೇರೆ. ಒಂದು ದಯೆ, ಇನ್ನೊಂದು ವ್ಯವಸ್ಥೆ. ಫೋನಿನ ಸುರಿಮಳೆ ಕೊಚ್ಚಿಕೊಂಡು ಹೋದದ್ದು ಮೊದಲನೆಯದನ್ನು.

ಮುಂದಿನ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಅದೇ 2015ರ ಫೆಬ್ರವರಿ 10ರಂದು ಪಕ್ಕದ ಚಾಪೆಲ್ ಹಿಲ್ ಊರಿನಲ್ಲಿ (ಆ ಊರಿನ ಹೆಸರೂ ಹಿಂದೆ ಅಲ್ಲಿದ್ದ ಒಂದು ಚಾಪೆಲ್‌ನಿಂದಲೇ ಬಂದದ್ದು) ಮೂವರು ಮುಸ್ಲಿಂ ಯುವಜನರನ್ನು, ಗಂಡ, ಹೆಂಡತಿ ಮತ್ತು ಆಕೆಯ ತಂಗಿಯನ್ನು, ನೆರೆಮನೆಯವನೊಬ್ಬ ಗುಂಡಿಟ್ಟು ಕೊಂದ. ಜನಾಜಾ ನಮಾಜಿಗೆ ಸಾವಿರಾರು ಜನ ಬಯಲಿನಲ್ಲಿ ಸೇರಿದರು. ಕೊಲೆಗಾರನಿಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2016ರಲ್ಲಿ ಡ್ಯೂಕ್ ತನ್ನ ಚಾಪೆಲ್ ಮುಂದಿನ ಬಯಲಿಗೆ ಜೂಲಿಯನ್ ಏಬೆಲ್ ಅವರ ಹೆಸರಿಟ್ಟಿತು. ಗುಡಿಸಲು ಕಟ್ಟಿದ್ದು, ಅಜಾನ್ ಕೇಳಲು ಜನ ನಿಂತಿದ್ದು ಅಲ್ಲೇ. ಚಾಪೆಲ್‌ನ ಬಾಗಿಲಲ್ಲಿ ಕೆತ್ತಿದ ವಿಗ್ರಹಗಳ ಸಾಲಿನಲ್ಲಿ, ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಲೀಯ ವಿಗ್ರಹವೂ ಇತ್ತು. 2017ರ ಆಗಸ್ಟ್‌ನಲ್ಲಿ ಯಾರೋ ಅದನ್ನು ಭಗ್ನಗೊಳಿಸಿದರು, ವಿಶ್ವವಿದ್ಯಾಲಯ ಅದನ್ನು ತೆಗೆಸಿತು. ಆ ಜಾಗದಲ್ಲಿ ಬೇರೆ ಯಾರನ್ನು ಕೂರಿಸಬೇಕೆಂದು ಒಂದು ವರ್ಷ ಚರ್ಚೆ ನಡೆದು, 2018ರಲ್ಲಿ ಖಾಲಿಯೇ ಬಿಡುವುದೆಂದು ತೀರ್ಮಾನವಾಯಿತು. ನನಗಂತೂ ಅದು ಜಾಣತನದ ತೀರ್ಮಾನ ಎನಿಸಿತು.

ಈಗ ನನ್ನ ಕಥೆ. ಚಿಕ್ಕದು.

ನಾನು ಬಿ.ಎಡ್. ಓದಿದ್ದು ಕ್ರೈಸ್ತ ಸಂಸ್ಥೆಯೊಂದರ ಕಾಲೇಜಿನಲ್ಲಿ. ನಮ್ಮ ತರಗತಿಯಲ್ಲಿ ಮುಸ್ಲಿಂ ಹುಡುಗಿಯರು ನಾಲ್ವರು. ಜೊಹರ್ ನಮಾಜಿಗೆ ಜಾಗವಿಲ್ಲದೆ ಮೊದಲ ತಿಂಗಳು ಖಜಾ ಮಾಡುತ್ತ ಮನೆಗೆ ಹೋಗಿ ತೀರಿಸುತ್ತಿದ್ದೆವು. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು ಅದನ್ನು ಹೇಗೋ ಗಮನಿಸಿ, ಚಾಪೆಲ್ ಪಕ್ಕದ ಹೊಲಿಗೆ ಕೋಣೆಯ ಬೀಗದ ಕೈಯನ್ನು ನನ್ನ ಕೈಗಿಟ್ಟರು. “ಯಂತ್ರಗಳನ್ನು ಮೂಲೆಗೆ ಸರಿಸಿಕೊಳ್ಳಿ, ಸೂಜಿ ಬಿದ್ದಿರುತ್ತವೆ, ಗುಡಿಸಿಯೇ ಚಾಪೆ ಹಾಸಿ” ಎಂದರು. ಅಷ್ಟೇ. ರಮಜಾನಿನಲ್ಲಿ ನಾವು ಆ ಕೋಣೆಯಲ್ಲಿ ಕುರ್‌ಆನ್ ಓದುತ್ತಿದ್ದರೆ ಗೋಡೆಯಾಚೆ ಅವರ ಪ್ರಾರ್ಥನೆಯ ಹಾಡು ಕೇಳುತ್ತಿತ್ತು. ಎರಡೂ ಒಂದಕ್ಕೊಂದು ಅಡ್ಡಿಯಾದದ್ದು ನನಗೆ ನೆನಪಿಲ್ಲ. ವರ್ಷದ ನಡುವೆ ಆ ಸಿಸ್ಟರ್‌ಗೆ ಬೇರೆ ಊರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಕೋಣೆಗೆ ಬೇರೆ ಬೀಗ ಹಾಕಿಸಿದರು. ನಮ್ಮ ವಿಷಯ ಅವರಿಗೆ ತಿಳಿದೇ ಇರಲಿಲ್ಲವೇನೋ. ನಾವು ಹೋಗಿ ಕೇಳಲಿಲ್ಲ. ನಾಲ್ಕು ಜನ ಪದವೀಧರೆಯರು, ನಾಳೆ ಮಕ್ಕಳಿಗೆ ಪತ್ರ ಲೇಖನ ಕಲಿಸುವವರು, ಒಂದು ಅರ್ಜಿ ಬರೆಯಲಿಲ್ಲ. ಕೇಳಿದರೆ ಇಲ್ಲವೆಂದಾರು ಎಂಬ ಅಳುಕು. ಸಿಸ್ಟರ್ ಇದ್ದಾಗಲೇ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು, ವಾರಕ್ಕಿಷ್ಟು ಹೊತ್ತು ಈ ಕೋಣೆ ಇವರಿಗೆ ಎಂದು ನೋಟೀಸು ಬೋರ್ಡಿನಲ್ಲಿ ಹಾಕಿಸಿಕೊಂಡಿದ್ದರೆ, ನಮ್ಮ ನಂತರ ಬಂದ ಹುಡುಗಿಯರಿಗೂ ಅದು ಸಿಗುತ್ತಿತ್ತು. ಮೆಹರ್ಬಾನಿಯನ್ನು ಇಂತಿಜಾಮ್ ಮಾಡಿಕೊಳ್ಳುವ ಕೆಲಸ ನಮ್ಮದಾಗಿತ್ತು, ನಾವು ಮಾಡಲಿಲ್ಲ.

ಭಾಷಣದ ತಯಾರಿ ನೋಡಿದ ನನ್ನ ವಿದ್ಯಾರ್ಥಿಗಳು, “ಟೀಚರ್, ನಮ್ಮ ಕಾಲೇಜಿನಲ್ಲೂ ಇಂಥ ಕೋಣೆ ಕೇಳಬಹುದಾ?” ಎಂದರು. ಡ್ಯೂಕ್ ಖಾಸಗಿ ವಿಶ್ವವಿದ್ಯಾಲಯ, ಅಲ್ಲಿನ ಕಾನೂನು ಬೇರೆ. ನಮ್ಮಲ್ಲಿ ಸಂವಿಧಾನದ 28ನೆಯ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಿಂದ ನಡ��ಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರುವಂತಿಲ್ಲ. ಹಾಗಾಗಿ ಅಲ್ಲಿಯದನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸಲಾಗದು. ಎಲ್ಲಿ ಕೇಳಬಹುದೋ ಅಲ್ಲಿ ಕೇಳಿ. ಸಹಿ ಹಾಕಿ, ತಾರೀಖು ಬರೆದು, ನಿಮ್ಮ ಹೆಸರಿನಲ್ಲೇ ಕೇಳಿ. ಬೇರೆ ಧರ್ಮದ ಸಹಪಾಠಿಗೂ ಅದೇ ಅರ್ಜಿಯಲ್ಲಿ ಜಾಗ ಕೇಳಿ.

ಆದರೆ ಕೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಲ್ಲವೇ? ನಮ್ಮ ಸಂಘ ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಈ ವರ್ಷ ಬೇರೆ ಧರ್ಮದ ವಿದ್ಯಾರ್ಥಿನಿಯರೂ ಇದ್ದಾರೆ. ನಮ್ಮ ಕಾಲೇಜನ್ನು ನಂಬಿ ತಂದೆ ತಾಯಿ ಕಳಿಸಿದ್ದಾರೆ, ಅದು ನಮಗೆ ಗೌರವ. ಅವರಲ್ಲಿ ಒಬ್ಬಳು ಲಿಂಗಾಯತರ ಹುಡುಗಿ. ಬೆಳಿಗ್ಗೆ ಸ್ನಾನ ಮಾಡಿ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜೆ ಮಾಡಿಕೊಳ್ಳುವುದು ಅವಳ ನೇಮ. ಅದಕ್ಕೆ ಬೇಕಾದ್ದು ಕಾಲು ಗಂಟೆ ಮೌನ, ಒಂದು ಮಣೆ ಹಾಕುವಷ್ಟು ಜಾಗ. ಆರು ಮಂದಿಯ ಕೋಣೆಯಲ್ಲಿ ಅದು ಸಿಗದೆ ಅವಳು ಮಹಡಿ ಮೆಟ್ಟಿಲ ತಿರುವಿನಲ್ಲಿ ಕೂರುತ್ತಾಳೆ ಎಂದು ವಾರ್ಡನ್ ಹೇಳಿದ ದಿನ ನನಗೆ ಡ್ಯೂಕ್ ಮರೆತುಹೋಯಿತು, ಹೊಲಿಗೆ ಕೋಣೆ ನೆನಪಾಯಿತು. ನಮ್ಮ ಮಕ್ಕಳಿಗೆ ಕೆಳಗೆ ನಮಾಜ್ ಕೋಣೆ ಇದೆ, ಜಾನಮಾಜ್ ಇದೆ, ವುಜೂಗೆ ಮೂರು ನಲ್ಲಿ ಇದೆ.

ಮೇಲಿನ ಮಹಡಿಯಲ್ಲಿ ಮುರಿದ ಬೆಂಚುಗಳನ್ನು ತುಂಬಿದ ಕೋಣೆಯೊಂದಿದೆ. ನಾನು ಹೋಗಿ ನೋಡಿದೆ. ಪೂರ್ವಕ್ಕೆ ಒಂದು ಕಿಟಕಿ, ಗಾಳಿ ಬೆಳಕು ಚೆನ್ನಾಗಿದೆ. ಬೆಂಚುಗಳನ್ನು ತೆಗೆಸಿ ಸುಣ್ಣ ಹೊಡೆಸಲು ಆಗುವ ಖರ್ಚನ್ನು ನಾವು ಶಿಕ್ಷಕರು ಕೂಡಿ ಹಾಕುತ್ತೇವೆ. ಅರ್ಜಿಯನ್ನು ಬರೆದು ತಂದಿದ್ದೇನೆ, ಹನ್ನೊಂದು ಸಹಿಗಳಿವೆ, ನಾಲ್ಕು ವಿದ್ಯಾರ್ಥಿನಿಯರದ್ದು. ಕಾರ್ಯಕಾರಿ ಸಮಿತಿ ಇದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ ಠರಾವು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಬಾಯಿ ಮಾತಿನ ಒಪ್ಪಿಗೆ ಬೇಡ, ಹಿರಿಯರು ತಪ್ಪು ತಿಳಿಯಬಾರದು, ನಮಗೆ ವರ್ಗವಾಗಬಹುದು, ತಮ್ಮ ಅವಧಿಯೂ ಮುಗಿಯುತ್ತದೆ. ಬೀಗದ ಕೈ ಕಾರ್ಯದರ್ಶಿಯವರ ಮೇಜಿನ ಎರಡನೆಯ ಖಾನೆಯಲ್ಲಿದೆ, ಕೆಂಪು ದಾರ ಕಟ್ಟಿದ್ದು.